ಹಗೇವಿನ ಬಾಯಿಗೆ ಗದ್ದ ಮುಟ್ಟಿಸಿದ್ದು

ಹೋದ ವಾರ ನನ್ನ ಮೊಮ್ಮಗಳು ಬಾಗಿಲ ಚೌಕಟ್ಟಿಗೆ ಹಾಕಿಸಿಕೊಂಡಿರುವ ಕಬ್ಬಿಣದ ಕೊಳವೆಗೆ ಜೋತುಬಿದ್ದು, ಕಾಲು ಒದೆಯದೆ, ಮೈ ಹೊಯ್ದಾಡಿಸದೆ, ಬರೀ ಎರಡು ಕೈಗಳ ಬಲದಿಂದ ಮೇಲೇರಿ ಕೊಳವೆಯ ಮೇಲೆ ಗದ್ದ ತಂದಳು. ಒಂದೇ ಸಲ. ನಾಲ್ಕು ತಿಂಗಳು ದಿನಾ ಬೆಳಗ್ಗೆ ಜೋತುಬಿದ್ದು ಗಳಿಸಿದ ಒಂದು ಸಲ ಅದು. ನಾನು ಕುರ್ಚಿಯಿಂದ ಎದ್ದು ಕುಣಿದೇಬಿಟ್ಟೆ. ನಮ್ಮ ಮನೆ ಸೊಲ್ಲಾಪುರ ರಸ್ತೆಯ ಮೇಲಿದೆ. ನನ್ನ ಕೂಗು ಕೇಳಿ ಎದುರಿನ ವರ್ಕ್‌ಶಾಪಿನವರು ಮುದುಕನಿಗೆ ಏನಾಯಿತೋ ಎಂದು ಓಡಿ ಬಂದರು. ಬಂದವರ ಕೈಗೆಲ್ಲ ಸಕ್ಕರೆ ಹಾಕಿದೆ. ಇಷ್ಟು ಸಣ್ಣದಕ್ಕೆ ಇಷ್ಟು ಸಂತೋಷವೇ ಎಂದು ಮನೆಯವರು ನಕ್ಕರು. ನಗಲಿ. ಆ ಒಂದು ಸಲದ ಬೆಲೆ ಈ ಮನೆಯಲ್ಲಿ ನನ್ನಷ್ಟು ಬಲ್ಲವರಿಲ್ಲ. ನಾನು ಓದಿದ್ದು ಮೂರನೆಯ ಇಯತ್ತೆ, ಬರೆಯುವುದರಲ್ಲಿ ತಪ್ಪು ಬಂದೀತು. ಆದರೂ ಎದೆಯಲ್ಲಿ ಹಿಡಿಸುತ್ತಿಲ್ಲ, ಬರೆಯುತ್ತೇನೆ.

ನನ್ನ ಊರು ತಿಕೋಟಾ. ಎರಡನೆಯ ಮಹಾಯುದ್ಧ ನಡೆದಿದ್ದ ವರ್ಷಗಳಲ್ಲಿ, ನನಗೆ ಹದಿನಾರು ತುಂಬಿದಾಗ, ಅಪ್ಪ ನನ್ನನ್ನು ಬಬಲೇಶ್ವರದ ಸೋದರಮಾವನ ಮನೆಗೆ ಕಳಿಸಿದ. ಮಾವನಿಗೆ ಗಂಡು ಮಕ್ಕಳಿರಲಿಲ್ಲ, ಒಬ್ಬಳೇ ಮಗಳು. ಅಕ್ಕನ ಮಗನಿಗೆ ತಮ್ಮನ ಮಗಳು ಎಂಬುದು ನಮ್ಮ ಕಡೆ ತೊಟ್ಟಿಲಲ್ಲೇ ಆಗುವ ಮಾತು. ನಮ್ಮದೂ ಆಗಿತ್ತು. ಆದರೆ ಮಾವ ಆ ಮಾತನ್ನು ಬಾಯಿಬಿಟ್ಟು ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ನಾನು ಹೊಲದಲ್ಲಿ ದುಡಿಯುತ್ತಿದ್ದೆ, ಕೊಟ್ಟಿಗೆಯಲ್ಲಿ ಮಲಗುತ್ತಿದ್ದೆ. ಆಳಾಗಿದ್ದರೆ ಬಿಟ್ಟು ಹೋಗಬಹುದಿತ್ತು, ಅಳಿಯನಾಗಿದ್ದರೆ ಪಡಸಾಲೆಯಲ್ಲಿ ಕೂತು ಉಣ್ಣಬಹುದಿತ್ತು. ತಿಕೋಟಾಕ್ಕೆ ತಿರುಗಿ ಹೋದರೆ ಮಾತು ಮುರಿದವನು ನಾನಾಗುತ್ತಿದ್ದೆ. ಎತ್ತಿಗೆ ಹಗ್ಗ ಕಣ್ಣಿಗೆ ಕಾಣುತ್ತದೆ, ನನ್ನದು ಕಾಣುತ್ತಿರಲಿಲ್ಲ, ಅಷ್ಟೇ.

ಮಾವನ ಮನಸ್ಸು ಕೆಟ್ಟದ್ದು ಹಗೇವಿನಿಂದ. ಹಗೇವು ಎಂದರೆ ನೆಲದೊಳಗಿನ ಕಣಜ, ಜೋಳ ತುಂಬಿಡುವ ಕುಳಿ. ಬಾಯಿ ಸಣ್ಣದು, ಒಬ್ಬ ಮನುಷ್ಯ ಮೈ ಹಿಡಿ ಮಾಡಿಕೊಂಡು ಇಳಿಯುವಷ್ಟು; ಅದರ ಸುತ್ತ ಕಲ್ಲಿನ ಅಂಚು. ಒಳಗೆ ಇಳಿದಂತೆಲ್ಲ ಗಡಿಗೆಯ ಹಾಗೆ ಅಗಲವಾಗುತ್ತದೆ. ಆದ್ದರಿಂದ ಒಳಗೆ ನಿಂತವನ ಕಾಲಿಗೆ ಆತುಕೊಳ್ಳಲು ಗೋಡೆ ಸಿಗುವುದಿಲ್ಲ. ಮೇಲೆ ಬರಬೇಕೆಂದರೆ ಹಗ್ಗ ಬೇಕು, ಇಲ್ಲವೇ ಅಂಚು ಹಿಡಿದು ಕೈಯ ಬಲದಿಂದಲೇ ಏರಬೇಕು. ಇನ್ನೊಂದು ಮಾತು. ಮುಚ್ಚಿಟ್ಟ ಹಗೇವಿನ ಗಾಳಿ ಕೆಟ್ಟಿರುತ್ತದೆ. ಕಲ್ಲು ತೆಗೆದು ಒಂದು ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ದೀಪ ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯುವುದು. ಆತುರಪಟ್ಟು ಇಳಿದು, ನಿದ್ದೆ ಬಂದವರ ಹಾಗೆ ಜೋಳದ ಮೇಲೆ ಒರಗಿ, ಮತ್ತೆ ಏಳದವರ ಕಥೆ ಪ್ರತಿ ಊರಲ್ಲೂ ಒಂದಿರುತ್ತಿತ್ತು.

ಮಾವನಿಗೆ ಎರಡು ಹಗೇವು. ಒಂದು ಅಂಗಳದಲ್ಲಿ, ಊರಿಗೆಲ್ಲ ಗೊತ್ತಿದ್ದದ್ದು. ಇನ್ನೊಂದು ಕೊಟ್ಟಿಗೆಯೊಳಗೆ, ಎಮ್ಮೆ ನಿಲ್ಲುವ ಜಾಗದ ಕೆಳಗೆ. ಯುದ್ಧಕ್ಕೆಂದು ಸರಕಾರ ರೈತರಿಂದ ಜೋಳ ಎತ್ತುತ್ತಿತ್ತು, ಅದಕ್ಕೆ ಲೆವಿ ಎನ್ನುತ್ತಿದ್ದರು. ಮನೆಮಂದಿಯ ಹೊಟ್ಟೆಗೆ ಬೇಕಾದದ್ದನ್ನು ಲೆವಿಯವರ ಕಣ್ಣು ತಪ್ಪಿಸಿ ಇಟ್ಟಿದ್ದ ಹಗೇವು ಅದು. ಕಲ್ಲು ಮುಚ್ಚಿ, ಮೇಲೆ ಸಗಣಿ ಮಣ್ಣು ಬಡಿದು, ಎಮ್ಮೆ ಕಟ್ಟಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಯುಗಾದಿಯ ಹೊತ್ತಿಗೆ ಮೊದಲ ಸಲ ಅದರೊಳಗೆ ನನ್ನನ್ನು ಇಳಿಸಿದರು. ನಾನು ಆಗ ಭಾರಿ ಆಳು. ಒಬ್ಬನೇ ಮಗನೆಂದು ಅವ್ವ ಬೆಣ್ಣೆ ತಿನ್ನಿಸಿ ಬೆಳೆಸಿದ್ದಳು. ಇಳಿಯುವಾಗ ಮೈಭಾರವೇ ಎಳೆದುಕೊಂಡು ಹೋಯಿತು. ಜೋಳ ತುಂಬಿ ಕೊಟ್ಟೆ. ಏರುವ ಹೊತ್ತಿಗೆ ಮಾವ ಅಂಚು ಹಿಡಿದು ಬಾ ಎಂದ. ಹಿಡಿದು ಎಳೆದುಕೊಂಡೆ, ಹಣ್ಣಿನ ಹಾಗೆ ಉದುರಿದೆ. ಮತ್ತೆ ಹಿಡಿದೆ, ಮತ್ತೆ ಉದುರಿದೆ. ಕಡೆಗೆ ಕಂಕುಳಿಗೆ ಹಗ್ಗ ಕಟ್ಟಿ ಮಾವ, ಅತ್ತೆ ಮತ್ತು ಜೀತದಾಳು ಮೂವರೂ ಸೇರಿ ಎಳೆದರು. ಎದೆಯವರೆಗೆ ಬಂದೆ, ಹೊಟ್ಟೆ ಬಾಯಲ್ಲಿ ಸಿಕ್ಕಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕಾಲು ಕತ್ತಲಲ್ಲಿ, ತಲೆ ಬೆಳಕಲ್ಲಿ. ಅತ್ತೆ ಒಳಗೆ ಹೋಗಿ ಔಡಲ ಎಣ್ಣೆ ತಂದು ನನ್ನ ಹೊಟ್ಟೆಯ ಸುತ್ತ ಸುರಿದಳು. ಮಾವ ಹಗ್ಗ ಕೆಳಗಿಟ್ಟು, ಬೆವರು ಒರೆಸಿಕೊಂಡು, ನನ್ನ ಮುಖದ ಎದುರು ಕುಕ್ಕುರುಗಾಲಲ್ಲಿ ಕೂತ.

“ಲೇ, ಇನ್ನ ಮ್ಯಾಲ ಈ ಹಗೇವಿಗೆ ಕಲ್ಲರ ಯಾಕ ಬೇಕು? ನಿನ್ನ ಇಟ್ಟು ಮುಚ್ಚಿದ್ರಾತು,” ಎಂದ.

ಮಾವನ ಮಗಳು ಮೇವು ಹಾಕುವ ಗೋದಲಿಯ ಹಿಂದೆ ನಿಂತು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಅವಳಿಗೆ ಹದಿನಾಲ್ಕು. ಮುಂದೆ ಅವಳು ನನ್ನ ಹೆಂಡತಿಯಾದಳು, ಐವತ್ತು ವರ್ಷ ಬಾಳಿದಳು. ಆ ನಗೆಯನ್ನು ಮಾತ್ರ ನಾನು ಪೂರ್ತಿ ಕ್ಷಮಿಸಲಿಲ್ಲ. ಅಂದು ರಾತ್ರಿ ಊಟಕ್ಕೆ ಕೂತಾಗ ಮಾವ ಅತ್ತೆಗೆ ಹೇಳಿದ ಮಾತು ಕೊಟ್ಟಿಗೆಗೂ ಕೇಳಿಸಿತು. ತನ್ನ ಮೈಯನ್ನು ತಾನು ಎತ್ತಲಾರದವನು ಈ ಮನೆಯನ್ನು ಏನು ಎತ್ತುತ್ತಾನೆ ಎಂದಿದ್ದ. ಹಗೇವಿನಿಂದ ಒಬ್ಬನೇ ಮೇಲೆ ಬಂದ ದಿನ ನೋಡೋಣ ಎಂದಿದ್ದ.

ಆಯಿತು, ಬರುತ್ತೇನೆ ಎಂದುಕೊಂಡೆ. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

ಪ್ರತಿ ರವಿವಾರ ನಾನು ಬಂಡಿ ಹೊಡೆದುಕೊಂಡು ವಿಜಾಪುರಕ್ಕೆ ಹೋಗುತ್ತಿದ್ದೆ. ಜೋರಾಪುರ ಪೇಟೆಯಲ್ಲಿ ಅರಳೆ ಇಳಿಸಿ, ಎತ್ತು ದಣಿವಾರುವ ತನಕ ಅಲ್ಲೇ ಕೂಡುತ್ತಿದ್ದೆ. ಅರಳೆ ತೆಗೆದುಕೊಳ್ಳುತ್ತಿದ್ದವರು ಗಾದಿ ಹೊಲಿಯುವ ಒಬ್ಬ ಮುಸಲ್ಮಾನ ಹಿರಿಯರು. ಹರೆಯದಲ್ಲಿ ದೊಡ್ಡ ಪೈಲವಾನರಂತೆ. ಅಂಗಡಿಯ ಹಿಂದೆ ಕೆಂಪು ಮಣ್ಣಿನ ತಾಲೀಮು, ಎಂದರೆ ಗರಡಿಮನೆ, ಇಟ್ಟಿದ್ದರು, ಎಲ್ಲರೂ ಅವರನ್ನು ಉಸ್ತಾದ ಎನ್ನುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಹುಡುಗರು ದಂಡ ಹೊಡೆಯುವುದನ್ನು, ಹಗ್ಗ ಏರುವುದನ್ನು ನೋಡುತ್ತಿದ್ದೆ. ಮೂರನೆಯ ವಾರ ಅವರೇ ಒಳಗೆ ಕರೆದು, ಏನು ಬೇಕು ಎಂದು ಕೇಳಿದರು. ಹಗೇವಿನ ಕಥೆ ಹೇಳಿದೆ. ಎಣ್ಣೆ ಸುರಿದದ್ದನ್ನೂ ಬಿಡಲಿಲ್ಲ. ಅವರು ನಗಲಿಲ್ಲ. ತೊಲೆಗೆ ಜೋತುಬೀಳು ಎಂದರು. ಅವರು ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಳ್ಳುವಷ್ಟರಲ್ಲಿ ನಾನು ನೆಲದ ಮೇಲಿದ್ದೆ. ನನ್ನ ಅಂಗೈ ಹಿಡಿದು ಹೊರಳಿಸಿ ನೋಡಿದರು.

“ಕೈ ಖರಾಬ ಇಲ್ಲ ಬೇಟಾ. ಹೊರೂದು ಕಲತಾವು, ಹಿಡಿಯೂದು ಕಲತಿಲ್ಲ,” ಎಂದರು. “ಒಂದು ತಿಂಗಳ ಏರೂದು ಮರತ ಬಿಡು. ಬರೇ ಜೋತಬೀಳು.”

ಅಂದಿನಿಂದ ನನ್ನ ತಾಲೀಮು ಮಾವನ ಕೊಟ್ಟಿಗೆ. ತೊಲೆ ಕೈಗೆಟಕುವಷ್ಟು ಎತ್ತರ. ಬೆಳಗ್ಗೆ ಸಗಣಿ ಬಾಚುವ ಮುಂಚೆ ಜೋತುಬೀಳುತ್ತಿದ್ದೆ, ಸಂಜೆ ಮೇವು ಹಾಕಿದ ಮೇಲೆ ಜೋತುಬೀಳುತ್ತಿದ್ದೆ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದು, ನೊಗ ಹಿಡಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಮಾವ ನನಗೆ ಬಾವಲಿ ಎಂದು ಹೆಸರಿಟ್ಟ. ಹೊಲಕ್ಕೆ ಹೊರಡುವಾಗ, ಏನಪ್ಪಾ ಬಾವಲಿ, ಹಾರಿ ಬರುತ್ತೀಯೋ ನಡೆದು ಬರುತ್ತೀಯೋ ಎನ್ನುತ್ತಿದ್ದ. ಜೀತದಾಳೂ ಹಾಗೇ ಕರೆಯತೊಡಗಿದ.

ಎಣಿಸುವ ಕೆಲಸ ಮಾವನ ಮಗಳು ತಾನಾಗಿಯೇ ತೆಗೆದುಕೊಂಡಳು. ಅವಳು ಕೊಟ್ಟಿಗೆಯ ಹೊರಗೋಡೆಗೆ ಸಗಣಿಯ ಕುಳ್ಳು ತಟ್ಟುತ್ತಿದ್ದಳು. ನಾನು ಒಳಗೆ ಜೋತುಬಿದ್ದೊಡನೆ ಅವಳ ಕೈ ಶುರುವಾಗುತ್ತಿತ್ತು: ಉಂಡೆ ಮಾಡುವುದು, ಥಪ್ಪೆಂದು ಗೋಡೆಗೆ ಬಡಿಯುವುದು. ನಾನು ಧೊಪ್ಪೆಂದು ಬಿದ್ದ ಸಪ್ಪಳ ಕೇಳಿದ ಕೂಡಲೆ ಹೊರಗಿನಿಂದ ಲೆಕ್ಕ ಬರುತ್ತಿತ್ತು.

“ನಾಕ ಕುಳ್ಳಿಗೆ ಬಿದ್ದಿ. ನಮ್ಮ ಎಮ್ಮಿ ಬಾಲಕ್ಕ ಜೋತಬಿದ್ದ ಉಣ್ಣಿ ನಿನಗಿಂತ ಚಲೋ.”

ಸಿಟ್ಟು ಬರುತ್ತಿತ್ತು. ಆದರೆ ಮರುದಿನ ಐದು ಕುಳ್ಳಿಗೆ ಬೀಳುತ್ತಿದ್ದೆ. ಆ ಸಿಟ್ಟೇ ನನಗೆ ಬೆಣ್ಣೆಯ ಬದಲಿನ ಆಹಾರವಾಯಿತು ಎನ್ನಬೇಕು.

ತಿಂಗಳಾದ ಮೇಲೆ ಉಸ್ತಾದರು ಎರಡನೆಯ ಪಾಠ ಕೊಟ್ಟರು. ಅದು ನನಗೆ ತಲೆಕೆಳಗು ಅನ್ನಿಸಿತು. ಕಲ್ಲು ಹಾಕಿಕೊಂಡು ಹತ್ತಿ, ಮೊದಲೇ ತೊಲೆಯ ಮೇಲೆ ಗದ್ದ ಇಟ್ಟುಬಿಡಬೇಕು. ಆಮೇಲೆ ಕಾಲು ತೆಗೆದು, ಮೆಲ್ಲಗೆ, ತಡೆದು ತಡೆದು ಕೆಳಗೆ ಬರಬೇಕು. ನಾನು ಕೇಳಿದ್ದು ಏರುವುದು, ನೀವು ಇಳಿಯುವುದು ಹೇಳುತ್ತೀರಲ್ಲ ಎಂದೆ. ಬಾವಿಯ ಗಾಲಿಯ ಮೇಲಿನ ಹಗ್ಗ ತೋರಿಸಿದರು. ಕೊಡವನ್ನು ಬಿಟ್ಟ ಹಾಗೆ ಬಿಟ್ಟರೆ ಒಡೆಯುತ್ತದೆ, ತಡೆದು ಬಿಡುವವನ ತೋಳೇ ಮೇಲೆ ಎಳೆಯುವುದನ್ನೂ ಕಲಿಯುತ್ತದೆ ಎಂದರು. ಜೊತೆಗೆ ದಂಡ, ಬೈಠಕ್. ರಾತ್ರಿ ಎರಡರ ಬದಲು ಒಂದೂವರೆ ರೊಟ್ಟಿ. ಬಂಡಿ ಹೊಡೆದುಕೊಂಡು ತಿರುಗಿ ಬರುವಾಗ ಸಾರವಾಡದಲ್ಲಿ ಎತ್ತಿಗೆ ನೀರು ಕುಡಿಸಲು ನಿಲ್ಲಿಸುತ್ತಿದ್ದೆ. ಅಲ್ಲಿ ರಸ್ತೆ ಬದಿಗೆ ಒಂದು ಬೇವಿನ ಮರ. ಅದರ ಕೊಂಬೆಗೂ ಹತ್ತಿ ಹತ್ತಿ ಮೆಲ್ಲಗೆ ಇಳಿಯುತ್ತಿದ್ದೆ. ದಾರಿಹೋಕರು ಹುಚ್ಚ ಎಂದುಕೊಂಡಿರಬೇಕು.

ಶ್ರಾವಣ ಬರುವ ಹೊತ್ತಿಗೆ ಇಪ್ಪತ್ತು ಕುಳ್ಳು ತಟ್ಟುವ ತನಕ ಜೋತಾಡುತ್ತಿದ್ದೆ. ಹೊಟ್ಟೆ ಕರಗಿ ಧೋತರದ ಗಂಟು ಸಡಿಲಾಗಿತ್ತು. ಮತ್ತೆ ಒಂದು ಮುಂಜಾನೆ, ಕಲ್ಲಿಲ್ಲದೆ, ನೆಲದಿಂದಲೇ ಎಳೆದುಕೊಂಡು ತೊಲೆಗೆ ಗದ್ದ ಮುಟ್ಟಿಸಿದೆ. ಒಂದು ಸಲ. ಎರಡನೆಯದಕ್ಕೆ ಅರ್ಧದಲ್ಲೇ ಕೈ ಬಿಟ್ಟೆ. ಮಾವನಿಗೆ ಹೇಳಲಿಲ್ಲ. ಅಷ್ಟಕ್ಕೂ ತೊಲೆ ಬೇರೆ, ಹಗೇವು ಬೇರೆ. ತೊಲೆಗೆ ಗದ್ದ ಮುಟ್ಟಿಸಿದರೆ ಸಾಕು, ಹಗೇವಿನಲ್ಲಿ ಗದ್ದದ ಹಿಂದೆ ಇಡೀ ಮೈ ಹೊರಗೆ ಬರಬೇಕು.

ಆ ವಾರವೇ ಮನೆಯಲ್ಲಿ ಜೋಳ ತೀರಿತು. ಮಾವ ಎಮ್ಮೆಯನ್ನು ಪಕ್ಕಕ್ಕೆ ಕಟ್ಟಿ, ಕಲ್ಲು ಸರಿಸಿ, ಪದ್ಧತಿಯಂತೆ ಗಾಳಿಗೆ ಬಿಟ್ಟು, ಕಂದೀಲು ಇಳಿಸಿದ. ದೀಪ ಉರಿಯಿತು. ನಾನು ಹಗ್ಗ ಹಿಡಿದು ಇಳಿದೆ. ಜೋಳದ ಮೇಲೆ ನಿಂತು ಕೈ ಎತ್ತಿದರೆ ಬೆರಳು ಅಂಚಿಗೆ ಮುಟ್ಟುತ್ತಿದ್ದವು. ಅದೇ ಹಗ್ಗಕ್ಕೆ ಬುಟ್ಟಿ ಕಟ್ಟಿ ನಾಲ್ಕೈದು ಬುಟ್ಟಿ ಮೇಲೆ ಕಳಿಸಿದೆ. ಆಗ ಅತ್ತೆ ಪಡಸಾಲೆಯಿಂದ ಓಡಿ ಬಂದದ್ದು ಕೇಳಿಸಿತು. ಲೆವಿ ಸಾಹೇಬರು ಊರ ಕುಲಕರ್ಣಿಯನ್ನು ಕರೆದುಕೊಂಡು ನಮ್ಮ ಓಣಿಗೆ ತಿರುಗಿದ್ದಾರೆ ಎಂದಳು.

ಮಾವನ ಮುಖ ಹಗೇವಿನ ಬಾಯಲ್ಲಿ ಕಂಡಿತು. ಅವನು ಹಗ್ಗ ಇಳಿಬಿಡಲಿಲ್ಲ. ಬುಟ್ಟಿಯ ಜೊತೆ ಅದನ್ನೂ ಮೇಲೆ ಎಳೆದುಕೊಂಡ.

“ನಿನ್ನ ಜಗ್ಗಾಕ ಮೂರ ಮಂದಿ ಬೇಕು, ಹೊತ್ತಿಲ್ಲ,” ಎಂದ. “ಸಪ್ಪಳ ಮಾಡಬ್ಯಾಡ. ಒಂದ ಚಣ.”

ಕಲ್ಲು ಸರಿಯಿತು. ಮೇಲೆ ಸಗಣಿ ಎಳೆದ ಸಪ್ಪಳ, ಎಮ್ಮೆಯ ಗೊರಸು ಕಲ್ಲಿನ ಮೇಲೆ ಹತ್ತಿದ ಸಪ್ಪಳ. ಆಮೇಲೆ ನನ್ನ ಉಸಿರಿನ ಸಪ್ಪಳ ಒಂದೇ.

ಅಂಥ ಕತ್ತಲನ್ನು ನಾನು ಮತ್ತೆ ಕಂಡಿಲ್ಲ. ಕಣ್ಣು ಮುಚ್ಚಿದರೂ ಅಷ್ಟೇ, ತೆರೆದರೂ ಅಷ್ಟೇ. ಮೊದಲು ಜೋಳದ ಮೇಲೆ ಕೂತೆ. ಒಂದು ಚಣ ಎಂದಿದ್ದನಲ್ಲ. ಕೆಳಗಿನ ಜೋಳಕ್ಕೆ ತೇವ ಹತ್ತಿತ್ತೆಂದು ಕಾಣುತ್ತದೆ, ಹುಳಿ ಹುಳಿ ವಾಸನೆ, ಹಂಡೆಯೊಳಗೆ ಕೂತ ಹಾಗೆ ಬಿಸಿ. ಸ್ವಲ್ಪ ಹೊತ್ತಿಗೆ ಮೈಗೆಲ್ಲ ಸುಖ ಹತ್ತಿತು. ಉಂಡು ಮಲಗುವ ಮಧ್ಯಾಹ್ನದ ಸುಖ. ತಲೆ ವಾಲಿತು. ಒರಗೋಣ ಅನ್ನಿಸಿತು. ಅಷ್ಟರಲ್ಲಿ ನೆನಪಾಯಿತು, ಹಗೇವಿನಲ್ಲಿ ಸತ್ತವರು ಕಿರುಚಿ ಸಾಯುವುದಿಲ್ಲ, ಒರಗಿ ಸಾಯುತ್ತಾರೆ ಎಂದು. ದಿಗ್ಗನೆ ಎದ್ದು ನಿಂತೆ. ನಿಂತರೆ ತಲೆ ತುಸು ಹಗುರ. ಕೆಟ್ಟ ಗಾಳಿ ತಳ ಹಿಡಿದಿದೆ, ಒಳ್ಳೆಯದು ಏನಿದ್ದರೂ ಮೇಲೆ ಎಂದು ತಿಳಿಯಿತು.

ಕೈ ಎತ್ತಿ ಅಂಚು ತಡವಿದೆ. ಒಂದು ಕಡೆ ಕಲ್ಲಿನ ಕೆಳಗೆ ಮೇವಿನ ದಂಟು ಸಿಕ್ಕಿಹಾಕಿಕೊಂಡು ಒಂದು ಬೆರಳು ಸಂದು ಬಿಟ್ಟಿತ್ತು. ಅಲ್ಲಿಂದ ದಾರದಷ್ಟು ಬೆಳಕು. ಅಂಚು ಹಿಡಿದು ಮೈ ಎಳೆದುಕೊಂಡೆ. ಗದ್ದ ಅಂಚಿಗೆ ಮುಟ್ಟಿತು, ಮೂಗು ಸಂದಿಗೆ ಹತ್ತಿತು. ಸಗಣಿ ಗಂಜಲದ ನಾತದ ಗಾಳಿ. ಅಂಥ ಸವಿಯಾದ ಗಾಳಿಯನ್ನು ಗುಡ್ಡದ ಮೇಲೂ ನಾನು ಕುಡಿದಿಲ್ಲ. ಹತ್ತು ಎಣಿಸುವ ತನಕ ಹಿಡಿದು, ಕೈ ಸೋತು ಬಿಟ್ಟೆ. ಬಿದ್ದೆ. ಬಿದ್ದ ಹೊಡೆತಕ್ಕೆ ಕಾಲು ಮೊಣಕಾಲ ತನಕ ಜೋಳದಲ್ಲಿ ಹೂತಿತು. ಕಿತ್ತುಕೊಂಡು ನಿಂತು ಕೈ ಎತ್ತಿದರೆ ಅಂಚು ಸಿಗಲಿಲ್ಲ. ಜೋಳ ತಗ್ಗಾಗಿತ್ತು. ಉಸಿರು ಬಿಗಿಹಿಡಿದು ಬಗ್ಗಿ, ಎರಡೂ ಕೈಯಿಂದ ಸುತ್ತಲಿನ ಜೋಳ ಕಾಲ ಕೆಳಗೆ ಬಾಚಿಕೊಂಡೆ. ಎದ್ದಾಗ ಕಣ್ಣಲ್ಲಿ ಮಿಂಚುಹುಳ ಹಾರಾಡುತ್ತಿದ್ದವು. ಇನ್ನೆರಡು ಸಲ ಹೀಗೆ ಬಗ್ಗಿದರೆ ಮತ್ತೆ ಏಳುವುದಿಲ್ಲ ಎಂದು ಖಾತ್ರಿಯಾಯಿತು. ಆದ್ದರಿಂದ ಬೀಳಬಾರದು. ಏರಿದ ಮೇಲೆ, ಕೈಯಲ್ಲಿ ಬಲ ಮುಗಿಯುವ ಮೊದಲೇ, ತಡೆದು ತಡೆದು, ಜೋಳದ ಕಾಳು ಕದಲದ ಹಾಗೆ ಅಂಗಾಲು ಊರಬೇಕು. ಉಸ್ತಾದರು ಇಳಿಯುವುದನ್ನು ಯಾಕೆ ಕಲಿಸಿದರು ಎಂದು ಅವರಿಗೂ ಗೊತ್ತಿರಲಿಕ್ಕಿಲ್ಲ.

ಏರಿದೆ, ಉಸಿರು ತೆಗೆದುಕೊಂಡೆ, ಮೆಲ್ಲಗೆ ಇಳಿದೆ. ನಿಂತು ಕೈ ಜಾಡಿಸಿದೆ. ಮತ್ತೆ ಏರಿದೆ. ತೊಲೆಗೆ ಎರಡನೆಯ ಸಲ ಗದ್ದ ಮುಟ್ಟಿಸಲಾರದವನು ಅಲ್ಲಿ ಎಷ್ಟು ಸಲ ಮುಟ್ಟಿಸಿದೆನೋ, ಎಣಿಕೆ ತಪ್ಪಿತು.

ಮೇಲಿದ್ದಾಗೆಲ್ಲ ಸಂದಿಯಿಂದ ಮಾತು ಕೇಳುತ್ತಿತ್ತು. ಮಾವನ ದನಿ ಬೆಲ್ಲದ ಹಾಗಿತ್ತು. ಸಾಹೇಬರು ಅಂಗಳದ ಹಗೇವು ನೋಡಿದರು, ಪಡಸಾಲೆಯಲ್ಲಿ ಕೂತರು, ಚಹಾ ಬಂತು. ಒಂದು ಸಲ ನಾನು ಇಳಿದು ಮತ್ತೆ ಏರಿದಾಗ ದನಿ ಹತ್ತಿರದಲ್ಲೇ ಇತ್ತು. ಸಾಹೇಬರು ಕೊಟ್ಟಿಗೆಯ ಬಾಗಿಲಿಗೇ ಬಂದಿದ್ದರು. ಚಹಾದ ಹಾಲು ಗಟ್ಟಿಯಿದೆ, ಇದೇ ಎಮ್ಮೆಯದೋ ಎಂದು ಕೇಳುತ್ತಿದ್ದರು. ಮಾವ ಅವರನ್ನು ತಡೆದ.

“ಸನೇಕ ಬರಬ್ಯಾಡ್ರಿ ಸಾಹೇಬ್ರ, ಹಾಯತೈತ್ರಿ. ಮೊನ್ನಿ ನಮ್ಮ ಅಳಿಯಗ ಹಾದು ತಿಕೋಟಾಕ್ಕ ಕಳಿಸೇತ್ರಿ.”

ಅಳಿಯ. ನಾನು ಆ ಮಾತನ್ನು ಮಾವನ ಬಾಯಿಂದ ಕೇಳಿದ್ದು ಅದೇ ಮೊದಲು. ಅದೂ ಎರಡು ಮೊಳ ಕೆಳಗೆ, ಬಾಯಿ ಬಿಡಲಾಗದ ಜಾಗದಲ್ಲಿ. ಕೂಗಿದ್ದರೆ ಸಾಹೇಬರಿಗೆ ಕೇಳಿಸುತ್ತಿತ್ತು. ನಾನು ಬದುಕುತ್ತಿದ್ದೆ, ಮನೆಯ ಜೋಳ ಬಂಡಿ ಏರುತ್ತಿತ್ತು, ಮಾವನ ಕೈಗೆ ಬೇಡಿ ಬೀಳುತ್ತಿತ್ತು. ಇನ್ನೊಂದು ಸಲ ಏರುವುದಾದರೆ ಕೂಗುವುದಿಲ್ಲ, ಏರಲಾಗದಿದ್ದರೆ ಕೂಗುತ್ತೇನೆ ಎಂದು ಒಪ್ಪಂದ ಮಾಡಿಕೊಂಡೆ. ಇನ್ನೊಂದು ಸಲ ಏರಿದೆ. ಅದರ ಮುಂದಿನ ಸಲವೂ ಅದೇ ಒಪ್ಪಂದ. ಕಡೆಗೆ ಏರಲಾಗದ ಸಲ ಬಂದೇ ಬಂತು. ಮೊಣಕೈ ಅರ್ಧ ಮಡಚಿಕೊಂಡು ನಿಂತುಬಿಟ್ಟಿತು. ಜೋತಾಡುತ್ತ ಬಾಯಿ ತೆರೆದೆ. ದನಿ ಹೊರಡಲಿಲ್ಲ. ಗಂಟಲು ಹೊಟ್ಟಿನ ಧೂಳಿನಿಂದ ಕಟ್ಟಿಹೋಗಿತ್ತು. ಮಾವ ಸಾಹೇಬರನ್ನು ಮತ್ತೆ ಪಡಸಾಲೆಗೆ ಕರೆದೊಯ್ದದ್ದು, ಇನ್ನೊಂದು ಸುತ್ತು ಚಹಾಕ್ಕೆ ಹೇಳಿದ್ದು ದೂರದಿಂದ ಕೇಳಿಸಿತು.

ಆಗ ಎಮ್ಮೆಯ ಗೊರಸು ಸರಿದವು. ಕಲ್ಲಿನ ಸಂದಿಗೆ ಹಾರೆಯ ಮೂತಿ ಇಳಿಯಿತು. ಕಲ್ಲು ಒಂದು ಗೇಣು ಸರಿಯಿತು, ನಿಂತಿತು, ಇನ್ನೊಂದು ಗೇಣು ಸರಿಯಿತು. ಬೆಳಕು ಕಣ್ಣಿಗೆ ಬಡಿಯಿತು. ಮಾವನ ಮಗಳ ಮುಖ, ಮೊಣಕೈ ತನಕ ಸಗಣಿ. ಚಹಾ ಕೊಟ್ಟು ಬಂದು ಅವಳು ಹೊರಗೋಡೆಗೆ ಕುಳ್ಳು ತಟ್ಟುತ್ತ ಕೂತಿದ್ದಳಂತೆ. ಇಪ್ಪತ್ತು ನನ್ನ ಅಳತೆ ಎಂದು ಅವಳಿಗೆ ಗೊತ್ತಿತ್ತು. ಎಂಬತ್ತರ ತನಕ ತಟ್ಟಿ, ಅಪ್ಪ ಏಳುವ ಲಕ್ಷಣ ಕಾಣದೆ ಎದ್ದು ಬಂದಿದ್ದಳು.

ಹಗ್ಗ ಎಂದು ಪಿಸುಗುಟ್ಟಿದೆ. ಹಗ್ಗ ಅಪ್ಪ ಕೂತ ಗಾದಿಯ ಕೆಳಗಿದೆ ಎಂದಳು. ಆಗುವುದಿಲ್ಲ ಎಂದೆ.

“ಆಗೂದಿಲ್ಲ ಅಂದ್ರ ಹೇಳು, ಮುಚ್ಚಿ ಹೋಗ್ತೇನಿ. ಅಲ್ಲಿ ಮಂದಿ ಕುಂತಾರ.”

ಮುಖ ನೋಡಿದರೆ ಕಣ್ಣಲ್ಲಿ ನೀರು ನಿಂತಿತ್ತು, ಬಾಯಲ್ಲಿ ಮಾತ್ರ ಕುಳ್ಳು ಎಣಿಸುವ ದಿನದ ಅದೇ ಧಾಟಿ. ತಲೆಯ ಮೇಲೆ ಹೊಸ ಗಾಳಿ ಇಳಿಯುತ್ತಿತ್ತು. ಅದನ್ನು ಕುಡಿಯುತ್ತ ಕೈ ಕೆಳಗಿಳಿಸಿ ತುಸು ಹೊತ್ತು ನಿಂತೆ. ಆಮೇಲೆ ಅಂಚು ಹಿಡಿದು ಎಳೆದುಕೊಂಡೆ. ಗದ್ದ ಬಂತು. ಇನ್ನು ಮುಂದಿನದನ್ನು ಯಾರೂ ಕಲಿಸಿರಲಿಲ್ಲ. ಬಲ ಮೊಣಕೈಯನ್ನು ಅಂಚಿನ ಮೇಲೆ ಎಸೆದೆ. ಅವಳು ಅದನ್ನು ಮೊಣಕಾಲಿಂದ ಒತ್ತಿ ಹಿಡಿದು, ಎರಡೂ ಕೈಯಿಂದ ನನ್ನ ಜುಟ್ಟು ಹಿಡಿದಳು. ಎಡ ಮೊಣಕೈ ಬಂತು. ಎದೆ ಬಂತು. ಹೊಟ್ಟೆ ಬಾಯಿಗೆ ಸಿಕ್ಕಿತು. ಒಳಗಿದ್ದ ಉಸಿರನ್ನೆಲ್ಲ ಹೊರಗೆ ಬಿಟ್ಟು ಚಪ್ಪಟೆಯಾದೆ. ಚರ್ಮ ಸುಲಿಯಿತು, ಧೋತರ ಹರಿಯಿತು, ಮೈ ಜಾರಿ ಹೊರಗೆ ಬಂತು. ಸಗಣಿಯಲ್ಲಿ ಬೋರಲು ಬಿದ್ದೆ.

ನಾನು ಹೊರಗಿದ್ದೆ. ಹಗ್ಗವಿಲ್ಲದೆ, ನನ್ನ ಕೈಯಿಂದ. ಆಗಿನ ಸಂತೋಷವನ್ನು ಬರೆಯಲು ನನ್ನ ಮೂರನೆಯ ಇಯತ್ತೆ ಸಾಲದು. ಕೂಗಬೇಕು, ಕುಣಿಯಬೇಕು ಅನ್ನಿಸಿತು. ಆದರೆ ಗೋಡೆಯಾಚೆ ಸಾಹೇಬರು ಬಸಿಯಲ್ಲಿ ಚಹಾ ಸುರಿದು ಕುಡಿಯುತ್ತಿದ್ದರು, ಸೊರ್ ಎಂಬ ಸಪ್ಪಳ ಕೂಡ ಕೇಳುತ್ತಿತ್ತು. ಏಳಲು ಬರುತ್ತಿರಲಿಲ್ಲ. ಹುಡುಗಿ ನನ್ನನ್ನು ಎಮ್ಮೆಯ ಗೋದಲಿಯ ಕೆಳಗೆ ಉರುಳಿಸಿ, ಮೇಲೆ ಹಸಿ ಮೇವು ಹೊದಿಸಿದಳು. ಹಗೇವಿನಿಂದ ಹೊರಗೆ ಬಂದವನು ಮೇವಿನೊಳಗೆ ಸಿಕ್ಕಿಬಿದ್ದೆ. ಎಮ್ಮೆ ಬಗ್ಗಿ ನನ್ನ ಎದೆಯ ಮೇಲಿನ ಮೇವು ತಿನ್ನತೊಡಗಿತು. ಎದೆ ಬಯಲಾಯಿತು, ಅವಳು ಮತ್ತೆ ಹೊದಿಸಿದಳು. ಮೊಣಕಾಲು ಬಯಲಾಯಿತು, ಮತ್ತೆ ಹೊದಿಸಿದಳು. ಎಮ್ಮೆ ನನ್ನ ಕಿವಿಗೆ ನಾಲಿಗೆ ಹಾಕಿದಾಗ ನಗು ತಡೆಯಲು ತುಟಿ ಕಚ್ಚಿಕೊಂಡೆ. ಅವಳೂ ನಕ್ಕಳು, ಈ ಸಲ ನನ್ನನ್ನು ನೋಡಿ ಅಲ್ಲ, ನನ್ನ ಜೊತೆ.

ಕಡೆಗೆ ಸಾಹೇಬರು ಎದ್ದರು. ಮಾವ ಓಣಿಯ ತನಕ ಹೋಗಿ ಕಳಿಸಿದ. ಆ ಸಾವಕಾಶದ ನಡಿಗೆ, ಆ ನಮಸ್ಕಾರದ ಮಾತು ಮುಗಿದವು. ಆಮೇಲೆ ಅವನ ಓಟ ಕೇಳಿಸಿತು. ಹಗ್ಗ ಹಿಡಿದು ಕೊಟ್ಟಿಗೆಗೆ ನುಗ್ಗಿದ. ಮೇವು ಹಿಡಿದು ನಿಂತ ಮಗಳನ್ನು ನೋಡಲಿಲ್ಲ, ಗೋದಲಿಯ ಕೆಳಗೂ ನೋಡಲಿಲ್ಲ. ಕಲ್ಲು ಸರಿದದ್ದು ಕಂಡು ನೆಲಕ್ಕೆ ಬೋರಲು ಬಿದ್ದು, ತಲೆಯನ್ನೂ ಭುಜವನ್ನೂ ಹಗೇವಿನ ಬಾಯೊಳಗೆ ತುರುಕಿದ. ಒಳಗೆ ಕತ್ತಲು. ಮೊದಲು ಬಾವಲಿ ಎಂದು ಕರೆದ. ಆಮೇಲೆ ನನ್ನ ಹೆಸರು ಹಿಡಿದು ಕರೆದ. ಆಮೇಲೆ ಅವನ ದನಿ ಒಡೆಯಿತು.

“ಯಪ್ಪಾ, ಎಲ್ಲಿ ಮಲಗಿದಿಯೋ? ಓ ಅನ್ನೋ ನಮ್ಮಪ್ಪಾ. ನಮ್ಮಕ್ಕಗ ಏನ ಹೇಳಲಿ? ಒಮ್ಮಿ ಓ ಅನ್ನೋ.”

ದೇವರಾಣೆ, ಕೂಡಲೇ ಓ ಎನ್ನಬೇಕಿತ್ತು. ಆದರೆ ಯುಗಾದಿಯಿಂದ ಶ್ರಾವಣದ ತನಕ ಬಾವಲಿಯಾಗಿದ್ದವನು ನಾನು. ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದೆ. ಅವಳು ಕಣ್ಣಲ್ಲೇ ನನ್ನನ್ನು ಗದರಿದಳು. ಮೇವು ಸರಿಸಿ, ಎದ್ದು ಕೂತು, ಅವನ ಬೆನ್ನಿಗೆ ಹೇಳಿದೆ.

“ಅಲ್ಲಿ ಯಾರೂ ಇಲ್ರಿ ಮಾವ. ನಾ ಏರಿ ಬಂದೇನ್ರಿ.”

ಬೆನ್ನು ಕದಲಲಿಲ್ಲ. ತಲೆಯೂ ಹೊರಗೆ ಬರಲಿಲ್ಲ. ಹಗ್ಗ ಹಿಡಿದಿದ್ದ ಕೈ ಮಾತ್ರ ಸಡಿಲಾಯಿತು. ಹಗೇವಿನೊಳಗಿಂದ ಗೊಗ್ಗರು ಸಪ್ಪಳ ಬರುತ್ತಿತ್ತು. ನಗುತ್ತಿದ್ದಾನೆ ಎಂದುಕೊಂಡೆ ನಾನು. ಮಗಳು ಹೋಗಿ ಅವನ ಬೆನ್ನಿನ ಮೇಲೆ ಸಗಣಿಯ ಕೈ ಇಟ್ಟು, ಮೆಲ್ಲಗೆ, ಏಳು ಎಂದಳು. ಅವನು ಬೇಡವೆಂದು ಕೈ ಅಲ್ಲಾಡಿಸಿದ. ಮುಖ ತೋರಿಸುವಂತಾಗುವ ತನಕ ಅವನು ಅಲ್ಲೇ, ಹಗೇವಿನ ಬಾಯಲ್ಲೇ ಇದ್ದ. ನಾವಿಬ್ಬರೂ ಎಮ್ಮೆಯ ಪಕ್ಕದಲ್ಲಿ ಕಾಯುತ್ತ ಕೂತೆವು.